ಪಾಠಕ್ಕೆ ಮುಂಚೆ ಬರೆದ ಪುಟ

ಅಕ್ಕನ ಡೈರಿಯನ್ನು ಮೇಡಂ ಮೇಜಿನ ಮೇಲಿಟ್ಟವಳು ನಾನೇ. ಬೇಕೆಂದು ಇಟ್ಟದ್ದಲ್ಲ. ಆದರೂ ಆ ಬೆಳಿಗ್ಗೆ ನಾನು ಪಟ್ಟಷ್ಟು ಭಯವನ್ನು ನನ್ನ ಸ್ವಂತ ಪರೀಕ್ಷೆಗಳಲ್ಲೂ ಪಟ್ಟಿರಲಿಲ್ಲ. ಆದ್ದರಿಂದ ಅಕ್ಕನ ಕಥೆಯನ್ನು ಹೇಳುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಶಿಕ್ಷಕರ ತರಬೇತಿಯಲ್ಲಿ ನನ್ನ ಜೊತೆ ಓದಿದವರು. ನಮಗೆಲ್ಲ ಇಪ್ಪತ್ತು, ಇಪ್ಪತ್ತೊಂದು. ಅವರಿಗೆ ಮೂವತ್ತಾರು. ಅದಕ್ಕೇ ಇಡೀ ತರಗತಿಗೆ ಅವರು ಅಕ್ಕ. ಬೆನ್ನ ಹಿಂದೆ ಮಾತ್ರ 'ಪಿಸುಪಿಸು ಅಕ್ಕ', ಏಕೆಂದರೆ ಅವರು ಮಾತಾಡಿದರೆ ಪಕ್ಕದವರಿಗೂ ಅರ್ಧವೇ ಕೇಳುತ್ತಿತ್ತು. ಆ ಹೆಸರಿಟ್ಟವಳೂ ನಾನೇ. ಆಗ ನನಗೆ ಬಾಯಿ ಜಾಸ್ತಿ, ಬುದ್ಧಿ ಕಮ್ಮಿ. ಈಗ ಬಾಯಿ ಹಾಗೇ ಇದೆ.

ತರಬೇತಿಗೆ ಸೇರುವ ಮುಂಚೆ ಅವರು ಒಂದು ಶಿಶುವಿಹಾರದಲ್ಲಿ ಹನ್ನೊಂದು ವರ್ಷ ಆಯಾ ಆಗಿದ್ದರು. ನೆಲ ಒರೆಸುವುದು, ಮಕ್ಕಳ ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಅಳುವವರನ್ನು ಸೊಂಟಕ್ಕೆ ಹಾಕಿಕೊಂಡು ಗೇಟಿನವರೆಗೆ ನಡೆಯುವುದು. ಗಂಡ ಸಾಮಾನು ಸಾಗಿಸುವ ಟೆಂಪೊ ಓಡಿಸುತ್ತಿದ್ದರು. ಮನೆಯಲ್ಲಿ ಅತ್ತೆ, ಒಬ್ಬಳು ಮಗಳು. ಸೊಸೆ ಟೀಚರ್ ಆಗಬೇಕೆಂದು ಹಟ ಹಿಡಿದವರು ಆ ಅತ್ತೆಯೇ. ಅವರಿಗೆ ಕಿವಿ ಮಂದ. ಸಂಜೆ ಅಡುಗೆಮನೆ ಹೊಸ್ತಿಲ ಮೇಲೆ ಬಟಾಣಿ ಬಿಡಿಸುತ್ತಾ ಕೂತು ಸೊಸೆಯಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

"ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

"ನೀರು ಆವಿಯಾಗಿ..."

"ನೀರು ಏನಾಗಿ? ಗಂಟಲಲ್ಲೇನು ಹತ್ತಿ ಇಟ್ಕೊಂಡಿದೀಯಾ? ನಾನು ಸತ್ತ ಮೇಲೆ ಹೇಳ್ತೀಯೇನು ಜೋರಾಗಿ?"

ಅತ್ತೆಯ ಮುಂದೆ ಬರುತ್ತಿದ್ದ ಧ್ವನಿ ತರಗತಿಯಲ್ಲಿ ಬರುತ್ತಿರಲಿಲ್ಲ. ಅದರ ಕಾರಣವನ್ನು ಅಕ್ಕ ನನಗೊಬ್ಬಳಿಗೇ ಹೇಳಿದ್ದರು. ಅಭ್ಯಾಸ ಪಾಠಕ್ಕೆ ನಮ್ಮನ್ನು ಹಾಕಿದ್ದು ಅದೇ ಶಿಶುವಿಹಾರದ ಎದುರಿನ ಪ್ರಾಥಮಿಕ ಶಾಲೆಗೆ. ಇಲ್ಲಿ ಆಡಿ ಬೆಳೆದ ಮಕ್ಕಳೇ ರಸ್ತೆ ದಾಟಿ ಅಲ್ಲಿಗೆ ಸೇರುತ್ತಿದ್ದರು. ನಾಲ್ಕನೇ ತರಗತಿಯ ಮೂವತ್ತು ಮಕ್ಕಳಲ್ಲಿ ಹತ್ತು ಹನ್ನೆರಡು ಮಕ್ಕಳಾದರೂ ಅಕ್ಕ ತೊಳೆದು ಒರೆಸಿದ್ದವರೇ.

"ಯಾರಾದ್ರೂ ಒಬ್ರು ಆಯಾ ಅಂತ ಕೂಗಿದ್ರೆ ಮುಗೀತು ಕಣೇ. ಆಮೇಲೆ ನಾನು ಅಲ್ಲಿ ನಿಲ್ಲಲ್ಲ," ಎಂದಿದ್ದರು.

ನಿಲ್ಲಲೂ ಇಲ್ಲ. ಮೊದಲ ಪರೀಕ್ಷಾ ಪಾಠದ ದಿನ ಯಾರೂ ಏನೂ ಕೂಗಿರಲಿಲ್ಲ. ಎರಡನೇ ಸಾಲಿನ ಒಬ್ಬ ಹುಡುಗಿ ಇವರನ್ನೇ ನೋಡುತ್ತಾ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು, ಅಷ್ಟೇ. ಅಕ್ಕ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದುಬಿಟ್ಟರು. ನಲವತ್ತು ನಿಮಿಷದ ಪಾಠ ಹನ್ನೆರಡು ನಿಮಿಷಕ್ಕೆ ಮುಗಿದಿತ್ತು. ನಾನು ಹೋಗಿ ನೋಡಿದರೆ ನೀರಿನ ತೊಟ್ಟಿಯ ಹಿಂದೆ ಅವಿತು ನಿಂತಿದ್ದರು.

ಅನುತ್ತೀರ್ಣರಾದವರಿಗೆ ಇನ್ನೊಂದೇ ಅವಕಾಶ. ಅದೂ ಹೋದರೆ ಕೋರ್ಸಿನಿಂದಲೇ ಹೊರಗೆ. ಶಿಶುವಿಹಾರದವರು ಬೇರೆ ಹೇಳಿ ಕಳಿಸಿದ್ದರು: ಹಳೆ ಕೆಲಸ ಶನಿವಾರದವರೆಗೆ ಖಾಲಿ ಇರುತ್ತದೆ, ಬರುವುದಾದರೆ ಬನ್ನಿ. ಎರಡನೇ ಪಾಠ ಇದ್ದದ್ದು ಶುಕ್ರವಾರ.

ಇನ್ನು ಡೈರಿಯ ವಿಷಯ. ಪ್ರತಿ ಪಾಠ ಮುಗಿದ ಮೇಲೆ ನಾವು, ಪಾಠಕ್ಕೆ ಅಂಕ ಹಾಕುವ ಮೇಡಂ ಓದಲೆಂದು, ಒಂದು ಪುಟ ಬರೆಯಬೇಕಿತ್ತು. ಏನು ಸರಿಹೋಯಿತು, ಎಲ್ಲಿ ಎಡವಿದೆ, ಏನು ಕಲಿತೆ ಎಂದು. ಬರೆಯಬೇಕಾದದ್ದು ಪಾಠ ಮುಗಿದ ಮೇಲೆ. ನಾವು ಬರೆಯುತ್ತಿದ್ದದ್ದು ಹಿಂದಿನ ದಿನ ಸಂಜೆ. ಸೀನಿಯರ್‌ಗಳಿಂದ ಬಂದ ಒಂದು ನಮೂನೆ ಇತ್ತು: ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು, ಬೋಧನೋಪಕರಣ ಪರಿಣಾಮಕಾರಿಯಾಗಿತ್ತು, ಸಮಯ ಪಾಲನೆಗೆ ಇನ್ನಷ್ಟು ಗಮನ ಕೊಡಬೇಕು. ಕೊನೆಯ ಮಾತು ದೃಷ್ಟಿಬೊಟ್ಟಿನ ಥರ. ಒಂದು ಕೊರತೆ ಇಟ್ಟರೆ ನಿಜದಂತೆ ಕಾಣುತ್ತದೆ. ನಮ್ಮ ಅಭ್ಯಾಸ ಪಾಠದ ಗುಂಪಿಗೆ ನಾನೇ ನಾಯಕಿ, ಈ ವಿದ್ಯೆಯಲ್ಲಿ ಪಾರಂಗತೆ.

"ಅಕ್ಕ, ಡೈರಿ ಗುರುವಾರವೇ ಬರೆದಿಟ್ಟುಬಿಡಿ. ಪಾಠದ ದಿನ ಅದರ ತಲೆನೋವು ಬೇಡ," ಎಂದು ಉಪದೇಶಿಸಿದೆ. ಅವರು ತಲೆಯಾಡಿಸಿದರು. ಏನು ಬರೆದರು ಎಂದು ನಾನು ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಕ್ಕ ಎಂಟು ಗಂಟೆಗೇ ಬಂದು ನಲ್ಲಿ ಹತ್ತಿರ ನಿಂತಿದ್ದರು. ಕೈ ಹಿಡಿದರೆ ಐಸ್. ಮೂರು ಸಲ ಬಾತ್‌ರೂಮಿಗೆ ಹೋಗಿ ಬಂದರು. ನಾನೂ ಹೆದರಿದ್ದೆ, ಆದರೂ "ಏನೂ ಆಗಲ್ಲ ಬಿಡಿ" ಎಂದು ದೊಡ್ಡವಳಂತೆ ಬೆನ್ನು ತಟ್ಟಿದೆ. ಅಷ್ಟರಲ್ಲಿ ಜವಾನ ಬಂದು, ಗುರುವಾರ ಪಾಠ ಮಾಡಿದವರ ಡೈರಿ ಮೇಡಂ ಕೇಳುತ್ತಿದ್ದಾರೆ ಎಂದ. ನಾಯಕಿಯಲ್ಲವೇ ನಾನು! ಬೆಂಚಿನ ಮೇಲಿದ್ದ ಡೈರಿಗಳನ್ನೆಲ್ಲ ಬಾಚಿಕೊಂಡು ಓಡಿದೆ. ಎಲ್ಲಕ್ಕೂ ಒಂದೇ ಕಂದು ರಟ್ಟು. ಮೇಜಿನ ಮೇಲಿಟ್ಟು ಬಂದೆ.

ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮೇಡಂ ವರಾಂಡದಲ್ಲಿ ಬಂದರು. ಅವರಿಗೆ ನಾವಿಟ್ಟ ಹೆಸರು 'ಕೆಂಪು ಪೆನ್ಸಿಲ್'. ಆ ಪೆನ್ಸಿಲ್ಲಿನ ಜೊತೆ ಕೈಯಲ್ಲಿ ಅಕ್ಕನ ಡೈರಿಯೂ ಇತ್ತು. ನಾನು ಬಾಚಿದ ರಾಶಿಯಲ್ಲಿ ಅದೂ ಸೇರಿಹೋಗಿತ್ತೆಂದು ಆಗ ಹೊಳೆಯಿತು.

"ಪಾಠ ಎಷ್ಟು ಗಂಟೆಗೆ?" ಎಂದು ಅಕ್ಕನನ್ನು ಕೇಳಿದರು.

"ಹತ್ತೂವರೆಗೆ ಮೇಡಂ."

"ಹತ್ತೂವರೆ ಇನ್ನೂ ಆಗಿಲ್ಲ. ಇಲ್ಲಿ ನೋಡಿದ್ರೆ ಪಾಠ ಮುಗಿದುಹೋಗಿದೆ." ಪುಟ ತೆರೆದು ಓದಿದರು. "'ಒಂದು, ನನ್ನ ಧ್ವನಿ ಕೊನೆಯ ಸಾಲಿಗೆ ತಲುಪಲಿಲ್ಲ. ಎರಡು, ಮುಂದಿನ ಹಂತ ಮರೆತುಹೋಯಿತು. ಮೂರು, ಒಂದು ಮಗು ನನ್ನನ್ನು ಆಯಾ ಅಂದಿತು. ನಾಲ್ಕು, ಎಲ್ಲರೂ ನಕ್ಕರು. ಐದು, ಗೊತ್ತಿಲ್ಲದ ಪ್ರಶ್ನೆ ಕೇಳಿದರು...' ಹೀಗೆ ಒಂಬತ್ತಿವೆ. 'ಏಳು, ಅತ್ತುಬಿಟ್ಟೆ. ಒಂಬತ್ತು, ಗಂಟೆ ಹೊಡೆಯುವ ಮುಂಚೆ ಹೊರಗೆ ಬಂದೆ.' ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರನ್ನ ನೋಡಿದೀನಿ. ನೀವು ಹೆಣದ ಬಟ್ಟೆನೇ ಹೊಲಿಸಿಟ್ಟಿದೀರಲ್ರೀ!"

ಅಕ್ಕ ಗೋಡೆಗೆ ಕೈಯೂರಿ ನಿಂತರು. ನಾವೆಲ್ಲ ಮುಂಚಿತವಾಗಿ ಗೆಲುವನ್ನು ಬರೆದಿಡುತ್ತಿದ್ದರೆ ಈ ಪುಣ್ಯಾತ್ಗಿತ್ತಿ ಸೋಲನ್ನು ಬರೆದಿಟ್ಟಿದ್ದರು. 'ಮುಂಚೆ ಬರೀರಿ ಅಂತ ಹೇಳಿಕೊಟ್ಟವಳು ನಾನು ಮೇಡಂ' ಎಂದು ನಾನು ಆಗಲೇ ಹೇಳಬೇಕಿತ್ತು. ಹೆದರಿದೆ, ಅಷ್ಟೇ. ಇದನ್ನು ಇವತ್ತಿಗೂ ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಮೇಡಂ ಡೈರಿಯನ್ನು ವಾಪಸು ಕೊಡಲಿಲ್ಲ. "ಒಳಗೆ ನಡೀರಿ," ಎಂದರು.

ಪಾಠ ಮಾಡುವವರ ಜೊತೆಗಾರರು ಹಿಂದಿನ ಬೆಂಚಿನಲ್ಲಿ ಕೂತು ವೀಕ್ಷಣಾ ಹಾಳೆ ತುಂಬಬೇಕೆಂಬ ನಿಯಮವಿತ್ತು. ಹಾಗಾಗಿ ನಾನು ಮೇಡಂ ಪಕ್ಕದಲ್ಲೇ ಕೂತೆ. ಅವರು ಅಂಕದ ಹಾಳೆಯ ಪಕ್ಕ ಅಕ್ಕನ ಡೈರಿಯನ್ನು ಬಿಡಿಸಿಟ್ಟುಕೊಂಡರು.

ಅಕ್ಕ ಬಾಯಿ ತೆರೆದರು. ಏನೂ ಕೇಳಿಸಲಿಲ್ಲ. ಕೊನೆಯ ಸಾಲಿನ ಹುಡುಗನೊಬ್ಬ "ಮಿಸ್, ಕೇಳಿಸ್ತಿಲ್ಲ" ಎಂದ. ಮೇಡಂ ಡೈರಿಯಲ್ಲಿ ಒಂದನೆಯದರ ಮುಂದೆ ಕೆಂಪು ಗೀಟು ಎಳೆದರು. ಆ ಪೆನ್ಸಿಲ್ಲಿನ ಸದ್ದು ನನ್ನ ಬೆನ್ನುಮೂಳೆಯಲ್ಲಿ ಹರಿಯಿತು.

ಅಕ್ಕ ಒಂದು ಸಲ ಕಣ್ಣು ಮುಚ್ಚಿ ತೆರೆದರು. ಆಮೇಲೆ, ಮಂದ ಕಿವಿಯ ಅತ್ತೆಗೆ ಹೇಳುವ ಧ್ವನಿಯಲ್ಲಿ, "ಈಗ ಕೇಳಿಸ್ತಾ?" ಎಂದರು.

"ಕೇಳಿಸ್ತು!" ಎಂದಿತು ಇಡೀ ತರಗತಿ.

ಪಾಠ ನೀರು ಆವಿಯಾಗುವುದರ ಬಗ್ಗೆ. ಅಕ್ಕ ಒದ್ದೆ ಬಟ್ಟೆಯಿಂದ ಕಪ್ಪು ಹಲಗೆಯ ಒಂದು ಮೂಲೆಯನ್ನು ಒರೆಸಬೇಕಿತ್ತು. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಎರಡು ಸಲ ತಿರುಚಿ ಹಿಂಡಿದರು. ಹನ್ನೊಂದು ವರ್ಷ ಹಿಂಡಿದ ಕೈ. ಆ ಹಿಂಡುವ ಚಂದದಲ್ಲೇ ಸಿಕ್ಕಿಬಿದ್ದರು. ಎರಡನೇ ಸಾಲಿನ ಆ ಹುಡುಗಿ ಎದ್ದು ನಿಂತಳು.

"ಮಿಸ್, ನೀವು ಆಯಾ ಅಲ್ವಾ? ನಮ್ ಶಿಶುವಿಹಾರದಲ್ಲಿ ನೆಲ ಒರೆಸ್ತಾ ಇದ್ರಿ."

ಅಕ್ಕನ ಕಣ್ಣು ಬಾಗಿಲ ಕಡೆ ಹೊರಳಿದ್ದನ್ನು ನಾನು ನೋಡಿದೆ. ಹಿಂಡಿದ ಬಟ್ಟೆ ಕೈಯಲ್ಲಿ ಹಾಗೇ ಇತ್ತು. ಹೋಗಬೇಡಿ, ಹೋಗಬೇಡಿ ಎಂದು ನಾನು ಬೆಂಚನ್ನು ಉಗುರಿನಿಂದ ಕೆರೆಯುತ್ತಿದ್ದೆ. ಅಂಥ ಹೊತ್ತಿನಲ್ಲಿ ಒಂದು ನಿಮಿಷ ಎಷ್ಟು ಉದ್ದ ಇರುತ್ತದೆಂದು ಅವತ್ತು ತಿಳಿಯಿತು.

"ಹೌದು," ಎಂದರು ಅಕ್ಕ.

"ನನ್ ಮೂಗೂ ಒರೆಸ್ತಿದ್ರು!" ಎಂದು ಇನ್ನೊಬ್ಬ ಕೂಗಿದ. ತರಗತಿ ಗೊಳ್ಳೆಂದು ನಕ್ಕಿತು. ಪಕ್ಕದಲ್ಲಿ ಸರ್ರ್, ಸರ್ರ್ ಎಂದು ಎರಡು ಗೀಟು.

ಆದರೆ ಅಕ್ಕನ ಕಾಲು ಅಲ್ಲೇ ಇತ್ತು. ನಗು ತಾನಾಗಿ ನಿಲ್ಲುವವರೆಗೆ ಕಾದರು. "ಹೌದು, ನಿನ್ನ ಮೂಗು ಭಾಳ ಸೋರ್ತಿತ್ತು," ಎಂದರು. ಈ ಸಲದ ನಗು ಬೇರೆ ಥರದ್ದು. "ಬೆಳಿಗ್ಗೆ ನೆಲ ಒರೆಸ್ತಿದ್ದೆ. ನೀವು ಪ್ರಾರ್ಥನೆ ಮುಗಿಸಿ ಬರೋದ್ರೊಳಗೆ ಒಣಗಿರ್ತಿತ್ತು. ನಾನು ಒಣ ಬಟ್ಟೇಲಿ ಒರೆಸ್ತಾನೇ ಇರ್ಲಿಲ್ಲ. ಹಾಗಾದ್ರೆ ಆ ನೀರೆಲ್ಲ ಎಲ್ಲಿಗೆ ಹೋಯ್ತು?" ಎನ್ನುತ್ತಾ ಹಲಗೆಯ ಮೂಲೆಯನ್ನು ಒರೆಸಿದರು.

ಮಕ್ಕಳು ಕಪ್ಪು ಹಲಗೆಯ ಒದ್ದೆ ಮೂಲೆಯನ್ನೇ ನೋಡತೊಡಗಿದರು. ಅದು ಅಂಚಿನಿಂದ ಕಿರಿದಾಗುತ್ತಾ ಬಂತು. ನೆಲ ಕುಡಿಯಿತು, ಸೂರ್ಯ ಕುಡಿದ, ಗಾಳಿಗೆ ಹೋಯಿತು ಎಂದು ಒಬ್ಬೊಬ್ಬರದು ಒಂದೊಂದು. ಕೊನೆಯ ಸಾಲಿನ ಹುಡುಗ ಕೈಯೆತ್ತಿದ. "ಅಷ್ಟೊಂದು ನೀರು ಗಾಳಿಗೆ ಹೋದ್ರೆ ಗಾಳಿ ಯಾಕೆ ಮಿಸ್ ಒದ್ದೆ ಆಗಲ್ಲ?"

ಅಕ್ಕನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ನಾನಾಗಿದ್ದರೆ ಗದರಿಸಿ ಕೂರಿಸುತ್ತಿದ್ದೆ.

"ನಂಗೂ ಸರಿಯಾಗಿ ಗೊತ್ತಿಲ್ಲಪ್ಪ. ತಿಳ್ಕೊಂಡು ಬಂದು ಹೇಳ್ತೀನಿ. ಅಲ್ಲೀವರೆಗೆ ನಿನಗೇನು ಅನ್ಸುತ್ತೆ, ಹೇಳು." ನಾಲ್ಕನೇ ಗೀಟು ಬಿತ್ತು. ಹುಡುಗ ಹೇಳತೊಡಗಿದ, ಪಕ್ಕದವನು ಅದಕ್ಕೆ ಅಡ್ಡ ಹಾಕಿದ, ಎರಡನೇ ಸಾಲಿನ ಹುಡುಗಿ ಇಬ್ಬರದೂ ತಪ್ಪು ಎಂದಳು.

ಆಗ ಗಂಟೆ ಹೊಡೆಯಿತು. ಅಕ್ಕ ಪಾಠ ನಿಲ್ಲಿಸಲಿಲ್ಲ. ಪಕ್ಕದ ತರಗತಿಯ ಮಕ್ಕಳು ವರಾಂಡದಲ್ಲಿ ದಬದಬನೆ ಓಡಿದರು. ಅಕ್ಕ ಹಲಗೆಯ ಮೇಲೆ ಚಿತ್ರ ಬಿಡಿಸುತ್ತಲೇ ಇದ್ದರು. ನನಗೆ ಮತ್ತೆ ಬೆವರು ಬಂತು. ಸಮಯ ಮೀರಿದರೆ ಅಂಕ ಕಳೆಯುತ್ತಿದ್ದರು, ಅಷ್ಟು ದೂರ ಈಜಿ ಬಂದವರು ದಡದಲ್ಲಿ ಮುಳುಗಬೇಕೇ? ಸನ್ನೆ ಮಾಡಲು ಕೈಯೆತ್ತಿದೆ. ಮೇಡಂ ನನ್ನ ಮಣಿಕಟ್ಟು ಹಿಡಿದು ಕೆಳಗಿಳಿಸಿದರು. ಇನ್ನೂ ಆರು ನಿಮಿಷ ಪಾಠ ನಡೆಯಿತು.

ಆಮೇಲೆ ವರಾಂಡದಲ್ಲಿ ನಾನು ಹೇಗೋ ಬಾಯಿ ಬಿಟ್ಟೆ. "ಮೇಡಂ, ಮುಂಚೇನೇ ಬರೀರಿ ಅಂತ ಅವರಿಗೆ ಹೇಳಿದ್ದು ನಾನು. ನಾವೆಲ್ಲ ಹಾಗೇ ಬರೆಯೋದು."

"ಗೊತ್ತು. ಎರಡು ವರ್ಷದಿಂದ ನಿಮ್ಮ ಡೈರೀಲಿ ಮಕ್ಕಳು ಉತ್ಸಾಹದಿಂದ ಭಾಗವಹಿಸ್ತಾನೇ ಇದಾರೆ. ನಿಮ್ಮ ಪಾಠ ಸೋಮವಾರ ಅಲ್ವಾ? ಬರೆದಾಯ್ತಾ?"

ಬರೆದಾಗಿತ್ತು. ಆ ಪುಟವನ್ನು ಅವರ ಮುಂದೆಯೇ ಹರಿಯುವಂತೆ ಹೇಳಿದರು. ಸೋಮವಾರದ ಹೊತ್ತಿಗೆ ನನ್ನ ಕೈಯೂ ಐಸ್ ಆಗಿತ್ತು, ಅದು ಬೇರೆ ಕಥೆ.

ಅಂಕದ ಹಾಳೆಯಲ್ಲಿ 'ಆತ್ಮವಿಶ್ವಾಸ' ಎಂಬ ಕಾಲಂನಲ್ಲಿ ಅಕ್ಕನಿಗೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದರು. ಸಮಯಪಾಲನೆಗೆ ಎರಡು. ಒಟ್ಟಿನಲ್ಲಿ ತೇರ್ಗಡೆಗೆ ಬೇಕಾದ್ದಕ್ಕಿಂತ ಮೂರೇ ಅಂಕ ಜಾಸ್ತಿ. ನಾಲ್ಕು ಅಂದರೆ ಅನ್ಯಾಯ ಎಂದು ನಾನು ಕೂಗಾಡಿದೆ. ಅಕ್ಕ ಮಾತ್ರ ಆ ನಾಲ್ಕನ್ನು ಬೆರಳಿನಿಂದ ಮುಟ್ಟಿ ನೋಡಿ, "ಹೋದ್ಸಲ ಸೊನ್ನೆ ಇತ್ತು ಕಣೇ," ಎಂದರು. ಶನಿವಾರ ಅವರು ಶಿಶುವಿಹಾರಕ್ಕೆ ಹೋಗಲಿಲ್ಲ. ಆ ಕೊನೆಯ ಸಾಲಿನ ಹುಡುಗನಿಗೆ ಉತ್ತರ ಹುಡುಕಲು ಗ್ರಂಥಾಲಯಕ್ಕೆ ಹೋದರು.

ಶುಕ್ರವಾರವೇ ಮೇಡಂ ಡೈರಿಯನ್ನು ಅಕ್ಕನಿಗೆ ವಾಪಸು ಕೊಟ್ಟು, ಎದುರು ಪುಟದಲ್ಲಿ ಪಾಠ ಮುಗಿದ ಮೇಲಿನದನ್ನು ಬರೆಯಿರಿ ಎಂದಿದ್ದರು. ಅಕ್ಕ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಬರೆದರು. ಅಕ್ಷರ ಸೊಟ್ಟಸೊಟ್ಟಗಿತ್ತು. ಈ ಸಲ ನಾನು ಪಕ್ಕದಲ್ಲಿ ಕೂತು ಓದಿದೆ.

"ಒಂಬತ್ತು ಬರೆದಿದ್ದೆ. ನಾಲ್ಕು ನಡೆದವು. ನಡೆದ ಮೇಲೂ ನಿಂತಿದ್ದೆ. ಹೆದರಿಕೆ ಹೋಗಿಲ್ಲ, ಬರೆಯುವಾಗಲೂ ಇದೆ. ನಾನು ಬರೆಯದೇ ಇದ್ದದ್ದು ಒಂದು ನಡೆಯಿತು. ಗಂಟೆ ಯಾವಾಗ ಹೊಡೆಯಿತೋ ನನಗೆ ಕೇಳಿಸಲೇ ಇಲ್ಲ."