ಟೈಲರಮ್ಮನ ಮಡಚುವ ಮೆಟ್ಟಿಲು

ಟೈಲರಮ್ಮನ ಮನೆಗೆ ಬಂದವರು ಮೊದಲು ಹೊಲಿಗೆ ಮೆಷಿನ್ನನ್ನು ಸುತ್ತಿಕೊಂಡು ಬಂದು, ಆಮೇಲೆ ಮಂಚಕ್ಕೆ ಮೊಣಕಾಲು ತಗುಲಿಸಿಕೊಂಡು, ಕೊನೆಗೆ ಕೂರುವುದಕ್ಕೆ ಜಾಗ ಹುಡುಕಬೇಕು. ಇರುವುದೇ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಒಂದು ಅಡುಗೆಮನೆ. ಅಷ್ಟರಲ್ಲೇ ಅವಳು, ಬಸ್ಸು ಓಡಿಸುವ ಗಂಡ, ಈಗಷ್ಟೇ ಓಡಲು ಕಲಿತ ಮಗಳು, ಹೊಲಿಯಲು ಬಂದು ಗುಡ್ಡೆಬಿದ್ದ ಬಟ್ಟೆ. ಅಂಥ ಮನೆಯಲ್ಲಿ ಹಬ್ಬಕ್ಕೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತೇನೆಂದು ಅವಳು ಹೊರಟಾಗ ಗಂಡ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕುಬಿಟ್ಟ.

“ಗೊಂಬೆ ಒಳಗೆ ಬಂದ್ರೆ ನಾನು ಬಸ್ಸಲ್ಲೇ ಮಲಗ್ಬೇಕು ಕಣೇ.”

“ಮಲಗಿ. ನಿಮ್ಮ ಗೊರಕೆಗೆ ಅದರ ಹಾರ್ನೇ ಸರಿ ಜೋಡಿ.”

ಅವು ಅವಳ ಅಮ್ಮನ ಗೊಂಬೆಗಳು. ಅಮ್ಮ ತೀರಿಕೊಂಡ ಮೇಲೆ ಅಕ್ಕನ ಮನೆ ಸೇರಿದ್ದವು. ಈಗ ಅಕ್ಕನಿಗೆ ಮಂಡಿನೋವು. ಬಗ್ಗಿ ಎದ್ದು ಗೊಂಬೆ ಜೋಡಿಸುವುದು ಇನ್ನು ಆಗದು. ಅಣ್ಣನಿಗೆ ಕೊಟ್ಟುಬಿಡುತ್ತೇನೆ ಎಂದಿದ್ದಳು. ಅಣ್ಣನ ಮನೆಯೇನೋ ದೊಡ್ಡದು. ಆದರೆ ಅಲ್ಲಿಗೆ ಹೋದ ಸಾಮಾನೆಲ್ಲ ಗಾಜಿನ ಕಪಾಟು ಸೇರಿ, ಬೀಗ ಹಾಕಿಸಿಕೊಂಡು, ಹಬ್ಬಕ್ಕೂ ಹೊರಗೆ ಬರುವುದಿಲ್ಲ. ತನ್ನ ಮಗಳು ಅಜ್ಜಿಯ ಗೊಂಬೆಗಳನ್ನು ಒಮ್ಮೆಯೂ ಮುಟ್ಟದೆ ಬೆಳೆಯುತ್ತಾಳಲ್ಲ ಎಂದುಕೊಂಡ ಟೈಲರಮ್ಮ ಹೊಲಿಗೆ ನಿಲ್ಲಿಸಿ ಎದ್ದಳು.

“ನಂಗೆ ಕೊಡಕ್ಕ,” ಎಂದಳು ಫೋನಿನಲ್ಲಿ.

“ನಿಂಗಾ? ಆ ಬೆಂಕಿಪೊಟ್ಟಣದಲ್ಲಿ ಎಲ್ಲಿ ಕೂರಿಸ್ತೀಯ, ತಲೆ ಮೇಲಾ?”

“ಮರದಲ್ಲಿ ಮಡಚೋ ಮೆಟ್ಟಿಲು ಮಾಡ್ತೀನಿ. ಹಬ್ಬ ಮುಗೀತಿದ್ದ ಹಾಗೆ ಮಡಚಿ ಮಂಚದ ಕೆಳಗೆ ತಳ್ಳಿದ್ರಾಯ್ತು.”

“ಸರಿ. ಭಾನುವಾರ ಟ್ರಂಕ್ ತಗೊಂಡೇ ಬರ್ತೀನಿ. ನಿನ್ನ ಮೆಟ್ಟಿಲು ನಿಂತ್ರೆ ಗೊಂಬೆ ನಿಂದು. ಇಲ್ಲಾಂದ್ರೆ ಅದೇ ಗಾಡೀಲಿ ಅಣ್ಣನ ಮನೆಗೆ.”

ಅಂದಿನಿಂದ ಟೈಲರಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗರಗಸ ಹಿಡಿದವಳಲ್ಲ, ಸುತ್ತಿಗೆಯ ಪರಿಚಯವೂ ಅಷ್ಟಕ್ಕಷ್ಟೆ. ಆದರೆ ಅಳೆದು, ಕತ್ತರಿಸಿ, ಜೋಡಿಸಿದರೆ ಲೋಕದಲ್ಲಿ ಆಗದ್ದು ಯಾವುದೂ ಇಲ್ಲ ಎಂಬುದು ಅವಳ ನಂಬಿಕೆ. ಹಳೆ ಪೇಪರನ್ನು ಮೆಟ್ಟಿಲಿನ ಆಕಾರಕ್ಕೆ ಕತ್ತರಿಸಿ ಗೋಡೆಗೆ ಪಿನ್ನು ಚುಚ್ಚಿದಳು. ದೂರ ನಿಂತು ನೋಡಿದಳು, ಹತ್ತಿರ ಬಂದು ಸೀಮೆಸುಣ್ಣದಲ್ಲಿ ತಿದ್ದಿದಳು. ರವಿಕೆಯ ಟ್ರಯಲ್ಲಿಗೆ ಬಂದವರೂ ಅದರ ಬಗ್ಗೆ ಒಂದು ಮಾತು ಹೇಳದೆ ಹೊರಗೆ ಹೋಗುವಂತಿರಲಿಲ್ಲ.

ಗಂಡ ಗುಜರಿಯಿಂದ ಹಳೆ ಕಿಟಕಿಯ ಮರ ಹೊತ್ತು ತಂದು, ಬಲಕ್ಕೊಂದು ಎಡಕ್ಕೊಂದು ಮೆಟ್ಟಿಲಾಕಾರದ ಚೌಕಟ್ಟು ಮಾಡಿಕೊಟ್ಟ. ಎರಡನ್ನೂ ಹಿಂದಿನಿಂದ ಹಿಡಿದಿಡಲು ಅಡ್ಡಪಟ್ಟಿಗಳು. ಅವು ನಡುವೆಯೂ ಚೌಕಟ್ಟಿಗೆ ಸೇರುವಲ್ಲಿಯೂ ಪುಸ್ತಕದಂತೆ ಮಡಚಿಕೊಳ್ಳಬೇಕು. ಅದಕ್ಕೆ ಅವನು ಕಬ್ಬಿಣದ ಕೀಲು ತಂದಾಗ ಅವಳು ಹೌಹಾರಿದಳು.

“ಮಗು ಬೆರಳು ಸಿಕ್ಕಿಹಾಕಿಕೊಂಡ್ರೆ? ಮೆಟ್ಟಿಲು ಅಂದ ಮೇಲೆ ಅವಳು ಹತ್ತದೆ ಬಿಡ್ತಾಳಾ?”

“ಹಾಗಾದ್ರೆ ದಾರದಲ್ಲಿ ಹೊಲಿ.”

ಅವನು ತಮಾಷೆಗೆ ಹೇಳಿದ್ದು. ಅವಳು ನಿಜವಾಗಿಯೂ ಹಾಗೇ ಮಾಡಿದಳು! ದಪ್ಪ ಕ್ಯಾನ್ವಾಸ್ ಬಟ್ಟೆಯನ್ನು ಎರಡು ಪದರ ಮಾಡಿ, ಮೇಲೆ ಮೇಲೆ ಹೊಲಿಗೆ ಓಡಿಸಿ, ಸಣ್ಣ ಮೊಳೆಯಿಂದ ಮರಕ್ಕೆ ಬಡಿದಳು. ಎಷ್ಟು ಮಡಚಿದರೂ ಬೆರಳು ಕಚ್ಚದ ಕೀಲು. ಸಿಬಿರು ಚುಚ್ಚಬಾರದೆಂದು ಉಪ್ಪುಕಾಗದ ಹಿಡಿದು ಉಜ್ಜಿದಳು, ಅಂಗೈ ಸವರಿ ನೋಡಿದಳು, ನೆಮ್ಮದಿಯಾಗದೆ ಕೆನ್ನೆ ಒತ್ತಿ ನೋಡಿದಳು, ಮತ್ತೆ ಉಜ್ಜಿದಳು.

ಶನಿವಾರ ಮಧ್ಯಾಹ್ನ ಮರದಂಗಡಿಯಿಂದ ಹಲಗೆಗಳು ಬಂದವು. ಅವಳೇ ಅಳತೆ ಕೊಟ್ಟು ಕೊಯ್ಯಿಸಿದ್ದು. ಚೌಕಟ್ಟು ಬಿಡಿಸಿ ನಿಲ್ಲಿಸಿ, ಉಸಿರು ಬಿಗಿಹಿಡಿದು ಮೊದಲ ಹಲಗೆ ಇಟ್ಟಳು. ಕೂರಲಿಲ್ಲ. ತಿರುಗಿಸಿ ಇಟ್ಟಳು. ಊಹೂಂ. ಎರಡನೆಯದೂ ಅಷ್ಟೆ. ಹಲಗೆಯ ಒಂದು ತುದಿ ಚೌಕಟ್ಟಿನ ಅಂಚಿನ ಒಳಗೆ ಕೂತರೆ ಇನ್ನೊಂದು ತುದಿ ಅಂಚಿನ ಮೇಲೆ ಹತ್ತಿ ಕೂರುತ್ತಿತ್ತು.

“ಅಳತೆ ಎಷ್ಟು ಕೊಟ್ಟೆ?” ಎಂದ ಗಂಡ.

“ಸರಿಯಾಗೇ ಕೊಟ್ಟಿದೀನಿ ರೀ. ಚೌಕಟ್ಟಿನ ಅಗಲ, ಅದರ ಮೇಲೆ ಎರಡೂ ಕಡೆ ಅರ್ಧರ್ಧ ಇಂಚು ಹೊಲಿಗೆಗೆ ಬಿಟ್ಟು...”

ಗಂಡ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ. “ಮರಕ್ಕೆ ಯಾರೇ ಹೊಲಿಗೆ ಹಾಕ್ತಾರೆ!”

ಅವಳಿಗೆ ನಗು ಬರಲಿಲ್ಲ. ಅಷ್ಟರಲ್ಲಿ ಮರದಂಗಡಿ ಬಾಗಿಲೆಳೆದಿತ್ತು, ನಾಳೆ ರಜೆ. ಮನೆಯ ಗರಗಸದಲ್ಲಿ ಒಂದು ಹಲಗೆಯ ತುದಿ ಕೊಯ್ಯಲು ಹೋದರೆ ಅದು ಸೀಳು ಬಿಡಲು ಶುರುಮಾಡಿತು. ತಕ್ಷಣ ನಿಲ್ಲಿಸಿದರು.

“ಬಿಡೇ, ಅಕ್ಕಂಗೆ ಮುಂದಿನ ವಾರ ಬನ್ನಿ ಅಂತ ಹೇಳೋಣ,” ಎಂದ ಗಂಡ, ಈಗ ಮೆತ್ತಗೆ.

“ಮುಂದಿನ ವಾರ ಹಬ್ಬಾನೇ ಶುರುವಾಗತ್ತೆ. ಅಷ್ಟರಲ್ಲಿ ಗೊಂಬೆ ಕಪಾಟು ಸೇರಿರತ್ತೆ.”

ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಆ ಹಾಳು ಚೌಕಟ್ಟನ್ನೇ ದಿಟ್ಟಿಸುತ್ತ ಕೂತಳು. ಹೀಗೆಯೇ ಎಷ್ಟು ಜನ ಬಂದು ‘ಬಿಗಿಯಾಗಿದೆ’ ಎಂದು ಮುಖ ಸಣ್ಣದು ಮಾಡಿಕೊಂಡು ಅವಳ ಮುಂದೆ ನಿಂತಿಲ್ಲ? ಅವರಿಗೆಲ್ಲ ತಾನೇನು ಮಾಡುತ್ತೇನೆ?

ಮಗುವನ್ನು ಗಂಡನ ಕೈಗೆ ಹಾಕಿ ದಡಕ್ಕನೆ ಎದ್ದಳು.

“ಹಲಗೆ ಯಾಕೆ ಕೊಯ್ಯಬೇಕು? ದಪ್ಪ ಆದ್ರು ಅಂತ ಯಾರಾದ್ರೂ ಮೈ ಕತ್ತರಿಸ್ತಾರಾ? ರವಿಕೆ ಹೊಲಿಗೆ ಬಿಚ್ಚಿ ಪಟ್ಟಿ ಕೊಡ್ತೀವಿ! ಹಿಂದಿನ ಅಡ್ಡಪಟ್ಟಿ ಉದ್ದ ಮಾಡಿದ್ರೆ ಚೌಕಟ್ಟೇ ಅಗಲ ಆಗಲ್ವೇನ್ರಿ?”

ಗಂಡ ನಗುವುದನ್ನು ಮರೆತು ಅಡ್ಡಪಟ್ಟಿಯನ್ನು ನೋಡಿದ. ಅವಳನ್ನು ನೋಡಿದ. “ಸುತ್ತಿಗೆ ಎಲ್ಲಿಟ್ಟೆ?”

ಆಮೇಲೆ ಮನೆಯೊಳಗೆ ಹಬ್ಬ ಅಂದೇ ಬಂದಂತಾಯಿತು. ಅವಳು ಕ್ಯಾನ್ವಾಸಿನ ಮೊಳೆ ಕಿತ್ತಳು, ಅವನು ಉಳಿದ ಮರದ ಚೂರನ್ನು ಅಡ್ಡಪಟ್ಟಿಗಳ ತುದಿಗೆ ಕೂರಿಸಿದ, ಅವಳು ಮತ್ತೆ ಬಡಿದಳು. ಮಗಳು ಸ್ಪೂನಿನಿಂದ ನೆಲಕ್ಕೆ ಬಡಿದಳು. ಕೊನೆಗೆ ಹಲಗೆ ಇಟ್ಟರೆ ಟಪ್ಪೆಂದು ಕೂತಿತು. ಒಂದರ ಹಿಂದೊಂದು ಟಪ್, ಟಪ್! ಹಲಗೆ ತೆಗೆದು ಮಡಚಿ ತಳ್ಳಿದರೆ ಮಂಚದ ಕೆಳಗೆ ಸುಯ್ಯನೆ ಜಾರಿತು. ಆ ಸದ್ದು ಕೇಳುವುದಕ್ಕೆಂದೇ ಮತ್ತೆ ಎಳೆದು ಮತ್ತೆ ತಳ್ಳಿದರು.

ಮಾರನೆಯ ಬೆಳಿಗ್ಗೆ ಅಕ್ಕ ಟ್ರಂಕಿನ ಜೊತೆ ಬಂದಳು. ಮೆಟ್ಟಿಲನ್ನು ಅಲುಗಾಡಿಸಿದಳು, ಅಂಗೈಯಿಂದ ಅದುಮಿದಳು. ಅಷ್ಟರಲ್ಲಿ ಮಗಳು ಓಡಿಬಂದು ಎರಡನೇ ಮೆಟ್ಟಿಲು ಹತ್ತಿ ನಿಂತುಬಿಟ್ಟಳು. ಟೈಲರಮ್ಮ ಎರಡೂ ಕೈ ಚಾಚಿ ಹಾರಿದಳು. ಮೆಟ್ಟಿಲು ಮಿಸುಕಲಿಲ್ಲ.

“ನಿಂತಿದೆ, ಒಪ್ಪಿದೆ ಕಣೇ,” ಎಂದಳು ಅಕ್ಕ. “ಆದ್ರೆ ಇದು ಮಂಚದ ಕೆಳಗೆ ಹೋದ ಮೇಲೆ ಗೊಂಬೆ ಟ್ರಂಕ್ ಎಲ್ಲಿಗೆ ಹೋಗತ್ತೆ?”

ಅದನ್ನು ಗಂಡ ಹೆಂಡತಿ ಇಬ್ಬರೂ ಯೋಚಿಸಿಯೇ ಇರಲಿಲ್ಲ. ಅಕ್ಕನ ಕೈ ಟ್ರಂಕಿನ ಹಿಡಿಯ ಮೇಲೇ ಇತ್ತು. ಗಾಡಿ ಇನ್ನೂ ಕೆಳಗೆ ಕಾಯುತ್ತಿತ್ತು.

ಟೈಲರಮ್ಮ ಕೋಣೆಯನ್ನೆಲ್ಲ ಒಮ್ಮೆ ಕಣ್ಣಲ್ಲೇ ಅಳೆದಳು. ಹೊಲಿಗೆ ಮೆಷಿನ್ನಿನ ಮುಂದಿನ ಸ್ಟೂಲನ್ನು ಎತ್ತಿ ಬಾಗಿಲಾಚೆ ಇಟ್ಟಳು. ಟ್ರಂಕನ್ನು ಎಳೆದು ತಂದು ಆ ಜಾಗದಲ್ಲಿಟ್ಟು, ಅದರ ಮೇಲೆ ಕೂತು, ಪೆಡಲಿನ ಮೇಲೆ ಕಾಲಿಟ್ಟಳು. ಮೆಷಿನ್ನು ಗರಗರನೆ ಓಡಿತು.

“ವರ್ಷವಿಡೀ ಇಲ್ಲೇ ಕೂತು ಕಾಯ್ತೀನಿ. ಸಾಕಾ?”

ಅಕ್ಕ ಕಿಟಕಿಯಿಂದ ಬಗ್ಗಿ, ಗಾಡಿಯವನಿಗೆ ಹೋಗು ಎಂದು ಕೈಬೀಸಿದಳು. “ಏಳೇ ಮೇಲೆ,” ಎಂದಳು ಇತ್ತ ತಿರುಗಿ, “ಗೊಂಬೆ ಹೊರಗೆ ತೆಗೀಬೇಡ್ವಾ?”