ಗಿರಿಜಕ್ಕ ಮಾರಲೊಪ್ಪದ ಟೈಲ್ಸ್

ಅಂಗಡಿಗೆ ಹೋಗಿ, ಸರಕು ಮೆಚ್ಚಿ, 'ಇದನ್ನೇ ಕೊಡಿ' ಅಂದ ಮೇಲೂ 'ಕೊಡೋದಿಲ್ಲ' ಅಂದವರನ್ನು ನೀವು ನೋಡಿದ್ದೀರಾ?

ನಾನು ನೋಡಿದೆ. ಈಚೆಗೆ, ಹಗರಿಬೊಮ್ಮನಹಳ್ಳಿಯಲ್ಲಿ.

ಕೊಟ್ಟೂರಿನ ನಮ್ಮ ಮನೆಯ ಬಚ್ಚಲು ಬಹಳ ಹಳೆಯದು. ಹಿತ್ತಲಲ್ಲಿದೆ, ಎತ್ತರದ ಹೊಸ್ತಿಲು, ಕಿರಿದಾದ ಬಾಗಿಲು, ಪಾಚಿ ಹಿಡಿದ ಕಲ್ಲು. ಅದನ್ನು ಕೆಡವಿ ಒಳಗೇ ಒಂದು ಒಳ್ಳೆಯ ಬಾತ್‌ರೂಮ್ ಕಟ್ಟಿಸೋಣ ಎಂದು ನಾನೂ ನನ್ನ ಹೆಂಡತಿ ಸುಮಾಳೂ ತೀರ್ಮಾನಿಸಿದೆವು. ಮೊಬೈಲಿನಲ್ಲಿ ಡಿಸೈನ್ ನೋಡಿದ್ದೂ ನೋಡಿದ್ದೇ. ಕೊನೆಗೆ ಕನ್ನಡಿಯಂತೆ ಹೊಳೆಯುವ ಬಿಳಿ ಟೈಲ್ಸ್ ನಮ್ಮಿಬ್ಬರ ಮನಸ್ಸಿಗೂ ಬಂತು. (ಇಬ್ಬರ ಮನಸ್ಸಿಗೂ ಒಂದೇ ವಸ್ತು ಬಂದದ್ದು ಮದುವೆಯಾದ ಮೇಲೆ ಅದೇ ಮೊದಲಿರಬೇಕು.)

ನಾವು ಹೋದ ಟೈಲ್ಸ್ ಅಂಗಡಿಯ ಮಾಲೀಕರು ಗಿರಿಜಕ್ಕ. ಎಳವೆಯಲ್ಲೇ ಪೋಲಿಯೋ ಬಂದು ಎರಡೂ ಕಾಲುಗಳ ಶಕ್ತಿ ಹೋಗಿದೆ. ವೀಲ್‌ಚೇರಿನಲ್ಲೇ ಅಂಗಡಿ ತುಂಬ ಓಡಾಡುತ್ತಾರೆ. ನಾವು ತೋರಿಸಿದ ಟೈಲ್ಸ್ ನೋಡಿ ಕೇಳಿದರು.

"ಮನ್ಯಾಗ ವಯಸ್ಸಾದೋರು ಯಾರದಾರ?"

"ಅಪ್ಪ ಅದಾರ."

"ನಡೀತಾರೇನು?"

"ಗೋಡಿ ಹಿಡಕಂಡು ನಡೀತಾರ್ರಿ."

"ಹಂಗಾದ್ರ ಇದನ್ನ ನಾ ಕೊಡೂದಿಲ್ರಿ. ನೀರು ಬಿದ್ರ ಜಾರ್ತೈತಿ. ಖರಖರ ಇರೋದು ತೋರಿಸ್ತೀನಿ, ಬರ್ರಿ."

ನನಗೆ ಸ್ವಲ್ಪ ಸಿಟ್ಟು ಬಂತು. ಗಿರಾಕಿ ದೇವರಲ್ಲವೇ? ಸುಮಾ ಮೆಲ್ಲಗೆ ಮೊಣಕೈಯಿಂದ ತಿವಿದಳು, ಸುಮ್ಮನಾದೆ. ಆಗ ಗಿರಿಜಕ್ಕ ಇನ್ನೊಂದು ಪ್ರಶ್ನೆ ಕೇಳಿದರು. ಟೈಲ್ಸಿಗೂ ಅದಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ.

"ಅಪ್ಪಾರು ನೀರು ಸರಿಯಾಗಿ ಕುಡೀತಾರೇನ್ರಿ?"

ನಾನು ಸುಮಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ನೆಲ ನೋಡುತ್ತ, "ಇಲ್ರಿ. ಮಂಚದ ಹತ್ರ ಇಟ್ಟ ಚೆಂಬು ಹಂಗೇ ಇರ್ತೈತಿ. ಬ್ಯಾಸಿಗಿಯಾಗ ಮಜ್ಜಿಗಿ ಕೊಟ್ರೂ ಬ್ಯಾಡ ಅಂತಾರ. ಫಿಲ್ಟರ್ ನೀರು ರುಚಿ ಹತ್ತಂಗಿಲ್ಲ ಅನ್ಕಂಡಿದ್ದೆ" ಅಂದಳು.

"ರುಚಿ ಅಲ್ರಿ. ಕೇಳಿ ನೋಡ್ರಿ ಅವ್ರನ್ನ" ಅಂದರು ಗಿರಿಜಕ್ಕ. ಅಷ್ಟೇ. ಇನ್ನೊಬ್ಬ ಗಿರಾಕಿಯ ಕಡೆ ಚೇರು ತಿರುಗಿಸಿದರು.

ಇವರ ಬಗ್ಗೆ ನಮ್ಮ ಕಡೆ ಎರಡು ಅಭಿಪ್ರಾಯಗಳಿವೆ. ಕಂಟ್ರಾಕ್ಟರುಗಳು 'ಆ ಅಕ್ಕನ ಕೈಗೆ ಸಿಕ್ಕರೆ ಮನೆಯನ್ನು ಆಸ್ಪತ್ರೆ ಮಾಡ್ತಾರೆ' ಅನ್ನುತ್ತಾರೆ. ಗಾಲಿಕುರ್ಚಿಯವರು, ಊರುಗೋಲಿನವರು ಅವರ ಫೋನ್ ನಂಬರನ್ನು ಬಾಯಿಪಾಠ ಮಾಡಿರುತ್ತಾರೆ. ಕೂಡ್ಲಿಗಿಯಲ್ಲಿ ಯಾವುದೋ ಕಚೇರಿಗೆ ರ‍್ಯಾಂಪ್ ಇಲ್ಲ ಅಂದರೆ ಗಿರಿಜಕ್ಕ ಹಾಜರು. ಹಡಗಲಿಯಲ್ಲಿ ವಿಕಲಚೇತನರ ಶೌಚಾಲಯಕ್ಕೆ ಬೀಗ ಹಾಕಿ ಕಸಬರಿಗೆ ತುಂಬಿದ್ದಾರೆ ಅಂದರೆ, ಬೀಗದ ಕೈ ಬರುವವರೆಗೆ ಅಲ್ಲೇ ಠಿಕಾಣಿ. ಅಂಗಡಿಯ ಲೆಕ್ಕ ನೋಡುವ ಯುವತಿಗೆ ಒಂದು ಕೈ ಇಲ್ಲ, ಗೋದಾಮು ನೋಡುವಾತನಿಗೆ ಕಿವಿ ಕೇಳಿಸದು. ಅದನ್ನು ಸಮಾಜಸೇವೆ ಅಂತ ಹೊಗಳಲು ಹೋದರೆ ಬೈಸಿಕೊಳ್ಳುತ್ತೀರಿ. "ಸೇವಾ ಗೀವಾ ಅಲ್ರಿ, ಬಿಸಿನೆಸ್. ಅವ್ರು ಲೇಟಾಗಿ ಬಂದ್ರ ನಾ ಬೈತೀನಿ, ನಾ ಲೇಟಾಗಿ ಬಂದ್ರ ಅವ್ರು ಬೈತಾರ."

ಊರಿಗೆ ಬಂದವನೇ ಅಪ್ಪನ ಮಂಚದ ಮೇಲೆ ಕೂತೆ.

"ಅಪ್ಪಾ, ನೀರ್ಯಾಕ ಕುಡಿಯಂಗಿಲ್ಲ?"

"ಕುಡೀತೀನಲ್ಲ."

"ಚೆಂಬು ತುಂಬಿದ್ದು ತುಂಬಿದಂಗ ಐತಿ."

ಅಪ್ಪ ಬಾಗಿಲ ಕಡೆ ಕತ್ತು ಚಾಚಿ ನೋಡಿದ. ಆಮೇಲೆ, ಸುಮಾ ಅಡುಗೆಮನೆಯಲ್ಲಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದ. "ಕುಡದ್ರ ಎದ್ದು ಹೋಗ್ಬೇಕಲ್ಲಪ್ಪ. ಹೋಗ್ಬೇಕಂದ್ರ ನಿನ್ನ ಕರೀಬೇಕು. ನೀ ಡ್ಯೂಟಿಗೆ ಹೋದ್ರ ಯಾರನ್ನ ಕರೀಲಿ? ಸೊಸೀನ ಕರೀಲೇನು?"

ಅಪ್ಪ ಲೈನ್‌ಮನ್ ಆಗಿದ್ದವನು. ಗಾಳಿ ಮಳೆಯಲ್ಲಿ ಕಂಬ ಹತ್ತಿ ಊರೂರಿಗೆ ಬೆಳಕು ಕೊಟ್ಟವನು. ಅವನು ನಮ್ಮದೇ ಮನೆಯೊಳಗೆ, ನಮ್ಮ ಕಣ್ಣೆದುರಿಗೇ, ಬಾಯಾರಿಕೊಂಡು ಕೂತಿದ್ದ. ಈಚೆಗೆ ಉರಿಮೂತ್ರ ಅಂತ ಡಾಕ್ಟರ ಹತ್ತಿರ ಹೋದಾಗ ಅವರು 'ನೀರು ಜಾಸ್ತಿ ಕುಡೀರಿ ಯಜಮಾನ್ರ' ಅಂದಿದ್ದರು. ಅಪ್ಪ ಗೋಣಾಡಿಸಿದ್ದ. ನಾನೂ ಗೋಣಾಡಿಸಿದ್ದೆ.

ಸರಿ, ಬಾತ್‌ರೂಮಿಗೆ ಹಿಡಿಕೆ ಪೈಪ್ ಹಾಕಿಸೋಣ, ಕಮೋಡ್ ಕೂಡಿಸೋಣ ಅಂದೆ. ಅಪ್ಪ ಒಪ್ಪಲಿಲ್ಲ. "ಪೈಪ್ ಗೀಪ್ ಬ್ಯಾಡ. ಬಂದೋರು ನೋಡಿ ಏನಂತಾರ? ಕೊಟ್ರಪ್ಪಂದು ಮುಗೀತು ಅಂತಾರ."

ಹೇಳಿ ಹೇಳಿ ಸೋತು ಗಿರಿಜಕ್ಕನಿಗೆ ಫೋನ್ ಮಾಡಿ, ಅಪ್ಪನ ಲೈನ್‌ಮನ್ ಕಾಲದಿಂದ ಹಿಡಿದು ಎಲ್ಲ ಹೇಳಿದೆ. ಮರುದಿನವೇ ಅಂಗಡಿಯ ಗೂಡ್ಸ್ ಆಟೊದಲ್ಲಿ ಬಂದರು. ಟೈಲ್ಸ್ ಪೆಟ್ಟಿಗೆ ಇಳಿಸುವ ಹಲಗೆಯ ಮೇಲೆ ವೀಲ್‌ಚೇರ್ ಇಳಿಯಿತು. ಆದರೆ ನಮ್ಮ ಮನೆ ಮುಂದೆ ಮೆಟ್ಟಿಲು. ನಾನೂ ಡ್ರೈವರನೂ ಎತ್ತಲು ಮುಂದಾದೆವು. "ಬ್ಯಾಡ್ರಿ, ಇಲ್ಲೇ ಚಲೋ ಐತಿ" ಅಂದು ಬೇವಿನ ನೆರಳಲ್ಲಿ ಚೇರು ನಿಲ್ಲಿಸಿಕೊಂಡರು. ಅಪ್ಪ ಕಟ್ಟೆಗೆ ಬಂದು ಕೂತ. ಹೆಣ್ಣುಮಗಳ ಜೊತೆ ಬಚ್ಚಲ ವಿಷಯ ಮಾತಾಡುವುದೆಂತು ಎಂದು ಮುಖ ಆ ಕಡೆ ತಿರುಗಿಸಿದ್ದ.

"ಯಜಮಾನ್ರ, ಕಂಬ ಹತ್ತುವಾಗ ಸೊಂಟಕ್ಕ ಬೆಲ್ಟ್ ಹಾಕ್ಕಂತಿದ್ರೇನು?" ಗಿರಿಜಕ್ಕ ಶುರು ಮಾಡಿದರು.

ಅಪ್ಪನ ಮುಖ ಈ ಕಡೆ ಬಂತು. "ಸಾಹೇಬ್ರು ಬಂದಾಗ ಹಾಕ್ಕಂತಿದ್ವವ್ವ."

"ಹಾಕ್ಕಂಡಾಗ ನಿಮ್ಮ ಮರ್ಯಾದಿ ಹೋಗಿತ್ತೇನು?"

ಅಪ್ಪ ನಕ್ಕ. ನಕ್ಕನೇ ಹೊರತು ಹೂಂ ಅನ್ನಲಿಲ್ಲ.

ಆಗ ಗಿರಿಜಕ್ಕ ತಮ್ಮ ಕತೆ ಹೇಳಿದರು. ಬೇರೆ ಯಾರದೋ ಕತೆ ಹೇಳಿದ ಹಾಗೆ. "ಹೈಸ್ಕೂಲ್ನಾಗ ನಾ ನೀರೇ ಕುಡೀತಿದ್ದಿಲ್ರಿ. ಶೌಚಾಲಯಕ್ಕ ಮೆಟ್ಲಿದ್ವು. ಗೆಳತೇರು ಎತ್ಕಂಡು ಹೋಗ್ತೀವಿ ಅಂತಿದ್ರು, ಬಾಳ ಒಳ್ಳೇರು. ಆದ್ರ ಎಷ್ಟ್ ಸಲ ಅಂತ ಕರೀಲಿ? ಪರೀಕ್ಷಿದಿನ ತಲಿ ತಿರುಗಿ ಬಿದ್ದೆ. ಹಸ್ಕಂಡು ಬಂದಾಳ ಅಂತ ಬಿಸ್ಕೀಟ್ ತಂದುಕೊಟ್ರು. ನೀರಿಲ್ದ ಬಿದ್ದೀನಿ ಅಂತ ಹೇಳಾಕ ನಾಚಿಕಿ. ಹೇಳಿದ್ರ ಯಾಕ ಅಂತ ಕೇಳ್ತಾರಲ್ಲ? ಡಿಗ್ರಿ ಮುಗಿದ ಮ್ಯಾಲ ಮನ್ಯಾಗ ಏನ್ ಅಂಗಡಿ ಹಾಕ್ತಿ ಅಂದ್ರು. ಬಳಿ ಅಂಗಡಿ ಹಾಕು, ಕುಂತು ಮಾರಬಹುದು ಅಂದ್ರು. ನಾ ಬಾತ್‌ರೂಮ್ ಸಾಮಾನೇ ಮಾರ್ತೀನಿ ಅಂದೆ."

ಅಪ್ಪ ಕಟ್ಟೆಯ ತುದಿಯ ಕಡೆಗೇ ನೋಡುತ್ತಿದ್ದ. ಅಲ್ಲಿ ಸುಮಾ ತಂದಿಟ್ಟ ನೀರಿನ ಲೋಟ ಇತ್ತು. 'ಈಗಷ್ಟೇ ಕುಡದು ಬಂದೀನ್ರಿ' ಅಂತ ಗಿರಿಜಕ್ಕ ಪಕ್ಕಕ್ಕಿಟ್ಟದ್ದು. ಬಿಸಿಲಿಗೆ ಅವರ ತುಟಿ ಒಣಗಿತ್ತು. ನಾನು ಅದನ್ನು ನೋಡಿರಲಿಲ್ಲ. ಅಪ್ಪ ನೋಡಿದ.

"ನೀನೂ ಕುಡೀಲಿಲ್ಲಲ್ಲವ್ವ" ಅಂದ.

ಕಚೇರಿ ಕಚೇರಿಯಲ್ಲಿ ಜೋರು ಮಾಡುವ ಗಿರಿಜಕ್ಕನ ದನಿ ತಗ್ಗಿತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, "ಅಂಗಡ್ಯಾಗ ಕುಡೀತೀನ್ರಿ. ಮನ್ಯಾಗ ಕುಡೀತೀನಿ. ಮಂದಿ ಮನಿಗೆ ಹೋದಾಗ ಆಗಂಗಿಲ್ರಿ" ಅಂದರು.

ಅಪ್ಪ ನನ್ನ ಕಡೆ ತಿರುಗಿದ. ಹಳೆಯ ಲೈನ್‌ಮನ್ ದನಿ. "ಲೇ, ಪೈಪ್ ಹಾಕಿಸು. ಬಾಗ್ಲ ಅಗಲ ಮಾಡಿಸು. ಈ ಮೆಟ್ಲೂ ತಗಸು. ಈ ನಮ್ಮವ್ವ ಬಂದು, ಕುಡದು, ಉಂಡು, ಯಾರನ್ನೂ ಕರೀದಂಗ ಹೋಗಿ ಬರ್ಬೇಕು ನೋಡು."

ತನಗಾಗಿ ಒಲ್ಲೆ ಅಂದವನು ಮನೆಗೆ ಬಂದವಳಿಗಾಗಿ ಒಪ್ಪಿದ. ಗಿರಿಜಕ್ಕ ಟೇಪು ಹೊರತೆಗೆದು ನನ್ನ ಕೈಗಿಟ್ಟು, "ಬಾಗ್ಲ ಅಳೀರಿ" ಅಂದರು. ಕಣ್ಣು ಮಾತ್ರ ಬೇವಿನ ಮರದ ಕಡೆಗಿತ್ತು.

ಕೆಲಸ ನಡೆಯಿತು. ಮೆಟ್ಟಿಲ ಜಾಗದಲ್ಲಿ ಇಳಿಜಾರು ಮಾಡಿದರೆ ಮನೆಯ ಲುಕ್ ಹಾಳಾಗುತ್ತದೆ ಅಂತ ಗಾರೆ ಕೆಲಸದ ಗೌಂಡಿ ಗೊಣಗಿದ. (ಮನೆಯ ಲುಕ್ ಯಾವತ್ತು ಚೆನ್ನಾಗಿತ್ತು?) ಬಾತ್‌ರೂಮಿನ ಬಾಗಿಲು ಹೊರಕ್ಕೆ ತೆರೆಯುವಂತೆ ಕೂತಿತು. ಖರಖರ ಟೈಲ್ಸ್ ಬಂತು, ಗೋಡೆಗೆ ಸ್ಟೀಲ್ ಪೈಪ್ ಬಂತು. ಮೊದಲ ದಿನ ಅಪ್ಪ ಒಬ್ಬನೇ ಹೋಗಿ ಬಂದ. ನಾವಿಬ್ಬರೂ ಟಿವಿ ನೋಡುವವರಂತೆ ನಟಿಸುತ್ತ ಕಿವಿ ಅಲ್ಲೇ ಇಟ್ಟಿದ್ದೆವು. ಹೊರಗೆ ಬಂದವನು ಮಂಚದ ಮೇಲೆ ಕೂತು, "ಸುಮಾ, ಮಜ್ಜಿಗಿ ಐತೇನವ್ವ?" ಅಂದ. ಅವಳು ಮಜ್ಜಿಗೆಗೆ ಉಪ್ಪು ಹಾಕಲು ಹೋದವಳು ಅಡುಗೆಮನೆಯಿಂದ ಬೇಗ ಬರಲಿಲ್ಲ.

ಗಿರಿಜಕ್ಕ ಊಟಕ್ಕೆ ಬಂದರು. ಮುಂಬಾಗಿಲಿನಿಂದ, ಯಾರ ಕೈಯನ್ನೂ ಹಿಡಿಯದೆ. ಬಂದ ಕೂಡಲೇ ನೀರು ಕುಡಿದರು. ರೊಟ್ಟಿ, ಬದನೆಕಾಯಿ ಪಲ್ಯ ಉಂಡರು, ಇನ್ನೊಂದು ಲೋಟ ಮಜ್ಜಿಗೆ ಕೇಳಿ ಹಾಕಿಸಿಕೊಂಡರು. ಆಮೇಲೆ ಚೇರು ತಿರುಗಿಸಿ ಬಾತ್‌ರೂಮಿಗೆ ಹೋದರು. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ, ಏನೂ ನಡೆದೇ ಇಲ್ಲವೆಂಬಂತೆ ಕೂತಿದ್ದ. ಹೊರಬಂದ ಗಿರಿಜಕ್ಕನ ಕಣ್ಣು ಕೆಂಪಾಗಿತ್ತು. ಬಾಯಿ ಮಾತ್ರ ಅವರದೇ.

"ಟವೆಲ್ ಹಾಕೋ ಗೂಟ ಎತ್ತರ ಆತ್ರಿ. ಕೆಳಗ ಇಳಸ್ರಿ."

ಇಳಿಸಿದ್ದೇವೆ.

ಮೆಟ್ಟಿಲು ಹೋದ ಮೇಲೆ ಇನ್ನೊಂದು ಸಂಗತಿ ನಡೆಯಿತು. ಎದುರುಮನೆಯ ನೀಲಮ್ಮಜ್ಜಿ ವಾಕರ್ ಹಿಡಿದು ಸಂಜೆ ಹೊತ್ತು ನಮ್ಮ ಮನೆಗೆ ಬರತೊಡಗಿದ್ದಾಳೆ. ಬಂದು, ಅಪ್ಪನ ಜೊತೆ ಕೂತು, ಸೀರಿಯಲ್ಲಿನ ಸೊಸೆಯಂದಿರಿಗೆಲ್ಲ ಬೈದು ಹೋಗುತ್ತಾಳೆ. ಸೊಂಟ ಮುರಿದ ಮೇಲೆ ಆಕೆ ನಮ್ಮ ಕಡೆ ಸುಳಿದೇ ಇರಲಿಲ್ಲ. ಏನೋ ಮುನಿಸಿರಬೇಕು ಅಂತ ನಾವೂ ಬಿಗುಮಾನದಿಂದ ಇದ್ದುಬಿಟ್ಟಿದ್ದೆವು.

"ಸಿಟ್ಟೇನಿಲ್ಲೋ ತಮ್ಮ. ನಿಮ್ಮ ಮೆಟ್ಲು ಹತ್ತಾಕ ಆಗ್ತಿದ್ದಿಲ್ಲ" ಅಂದಳು ಮೊನ್ನೆ.

ನಿಮ್ಮ ಮನೆಗೆ ಈಚೆಗೆ ಬರುವುದನ್ನು ಬಿಟ್ಟವರು ಯಾರು?