ಚಪ್ಪಲಿ ಬಿಟ್ಟು ಹತ್ತುವ ಗಾಡಿ

ನಮ್ಮ ಮನೆಯವರಿಗೆ ಹೆಂಡತಿಗಿಂತ ಗಾಡಿಯ ಮೇಲೆ ಒಂದು ತೂಕ ಹೆಚ್ಚು ಪ್ರೀತಿ ಎಂದು ನಾನು ನೆಂಟರೆದುರು ಹೇಳುವುದುಂಟು. ಅವರು ನಗುತ್ತಾರೆ, ಇಲ್ಲವೆನ್ನುವುದಿಲ್ಲ. ಸಂಸೆಯಿಂದ ಕಳಸಕ್ಕೆ ಹೋಗುವ ಡಾಂಬರು ರಸ್ತೆ ಬಿಟ್ಟು, ಒಂದು ಹಳ್ಳ ದಾಟಿ ಮೇಲೆ ಹತ್ತಿದರೆ ನಮ್ಮ ಕಾಫಿ ಎಸ್ಟೇಟ್. ಎಸ್ಟೇಟ್ ಎಂದಕೂಡಲೇ ಬಂಗಲೆ, ಬಟ್ಲರ್ ಎಂದು ಯಾರೂ ಕಣ್ಣರಳಿಸಬೇಕಾಗಿಲ್ಲ. ಲೆಕ್ಕ ಬರೆಯುವ ಒಬ್ಬ ರೈಟರು, ಒಬ್ಬ ಮೇಸ್ತ್ರಿ, ಲೈನ್ ಮನೆಗಳಲ್ಲಿ ಕೆಲಸದವರ ಕೆಲವು ಸಂಸಾರ, ಅಷ್ಟೆ.

ತೊಂಬತ್ತರ ದಶಕದ ಮೊದಲಿಗೆ ನಾನು ಮದುವೆಯಾಗಿ ಬಂದಾಗ ಅಲ್ಲಿದ್ದದ್ದು ಒಂದು ಹಳೆಯ ಜೀಪು. ಬಾಗಿಲುಗಳಿರಲಿಲ್ಲ. ಹಿಂದಿನ ಸೀಟಿನ ರೆಕ್ಸಿನ್ ಹರಿದು ಒಳಗಿನ ನಾರು ಹೊರಗೆ ಇಣುಕುತ್ತಿತ್ತು. ಪಾರ್ಚ್‌ಮೆಂಟ್ ಕಾಫಿಯ ಮೂಟೆ, ಗೊಬ್ಬರ, ಜ್ವರ ಬಂದ ಕರು, ಹೊರನಾಡಿಗೆ ಹರಕೆ ಹೊತ್ತವರು, ಮದುವೆ ಹೆಣ್ಣು, ಎಲ್ಲವೂ ಎಲ್ಲರೂ ಅದರಲ್ಲೇ. ಲೈನಿನಲ್ಲಿ ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಒಬ್ಬರು ಬಂದು ಅಂಗಳದಲ್ಲಿ ನಿಂತು "ಅಯ್ಯ, ಗಾಡಿ ತೆಗೀರಿ" ಎನ್ನುವರು. ಯಾರಿಗೆ, ಏನು ಎಂದು ಇವರು ಕೇಳಿದ್ದನ್ನು ನಾನು ಕಂಡಿಲ್ಲ. ಉಣ್ಣುತ್ತಿದ್ದರೆ ತಟ್ಟೆಯಲ್ಲೇ ಕೈ ತೊಳೆದು ಏಳುವರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಗೊಣಗುತ್ತಿದ್ದೆ. ಹಾಗೆ ಗೊಣಗುವುದರಲ್ಲಿ ಒಂದು ಹೆಮ್ಮೆಯೂ ಇತ್ತು.

ಕಾಫಿ ಕೊಯ್ಯುವ ಹೆಂಗಸರಿಗೆಲ್ಲ ಮುಂದಾಳಾಗಿ ಒಬ್ಬಳಿದ್ದಳು. ನಾನು ಈ ಮನೆಗೆ ಬಂದ ಹೊಸದರಲ್ಲಿ ಅವಳ ಸೊಂಟದ ಮೇಲೊಂದು ಹೆಣ್ಣುಕೂಸು. ಗಂಡ ಏಣಿ ಹತ್ತಿ ಮೆಣಸು ಕೊಯ್ಯುವವನು, ಬಹಳ ಕಡಿಮೆ ಮಾತಿನವನು. ಅವನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸುತ್ತಿದ್ದಳು. ಜೀಪಿನಲ್ಲಿ ಮುಂದಿನ ಸೀಟು ಅವಳದೇ. "ಅಮ್ಮ, ನಿಮ್ಮ ಯಜಮಾನ್ರು ಗೇರು ಹಾಕಿದ್ರೆ ನನ್ನ ಹಲ್ಲೆಲ್ಲ ಅಲ್ಲಾಡ್ತದೆ. ಹಲ್ಲಿಲ್ದೇ ಇದ್ರೆ ಇವ ನನ್ನ ಬಿಟ್ಟು ಹೋಗ್ತಾನೆ" ಎಂದು ಗಂಡನ ಕಡೆ ನೋಡುವಳು. ಅವನು ತಲೆ ತಗ್ಗಿಸಿ ನಗುವನು. ತವರಿನಿಂದ ದೂರ ಬಂದ ನನಗೆ ಈ ಬೆಟ್ಟದಲ್ಲಿ ಮೊದಲು ನಗು ತರಿಸಿದವಳು ಅವಳು.

ಜೀಪಿನ ತಳ ತುಕ್ಕು ಹಿಡಿದು, ಕಾಲಿಟ್ಟರೆ ರಸ್ತೆ ಕಾಣುವ ಹಾಗಾದ ಮೇಲೆ ಅದನ್ನು ಕೊಡಲೇಬೇಕಾಯಿತು. ಎರಡು ಸಾವಿರ ಇಸವಿ ಕಳೆದು ಏಳೆಂಟು ವರ್ಷವಾಗಿತ್ತು. ಬೆಂಗಳೂರಿನ ಒಬ್ಬ ಉದ್ಯಮಿ ಬಳಸಿ ಬಿಟ್ಟ ವಿದೇಶಿ ಗಾಡಿಯನ್ನು ಇವರು ತಂದರು. ಕಪ್ಪು ಬಣ್ಣ, ಗುಂಡಿ ಒತ್ತಿದರೆ ಇಳಿಯುವ ಗಾಜು, ನೆಲಕ್ಕೆ ಮೆತ್ತನೆಯ ಕಾರ್ಪೆಟ್, ಹಾಲಿನ ಬಣ್ಣದ ತೊಗಲಿನ ಸೀಟು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದೆ. "ಫೋರ್‌ವೀಲ್ ಇದೆ ಮಾರಾಯ್ತಿ, ನಮ್ಮ ಹಳ್ಳಕ್ಕೆ ಇದೇ ಸರಿ" ಎಂದರು.

ಹಳ್ಳಕ್ಕೆ ಅದು ಸರಿಯಿರಲಿಲ್ಲ. ಮೊದಲ ದಿನವೇ ಹೊಟ್ಟೆ ಕಲ್ಲಿಗೆ ತಾಗಿ ಕಿರುಗುಟ್ಟಿತು. ಮೂಡಿಗೆರೆಯ ಒಂದು ಗ್ಯಾರೇಜಿನಲ್ಲಿ ಅದನ್ನು ಬಿಟ್ಟು ವಾರಗಟ್ಟಲೆ ಓಡಾಡಿದರು. ಸ್ಪ್ರಿಂಗ್ ಬದಲಾಯಿಸಿ ಗಾಡಿಯನ್ನು ಎರಡು ಬೆರಳು ಎತ್ತರಿಸಿದರು. ಕೆಸರು ಕಚ್ಚುವ ದಪ್ಪ ಹಲ್ಲಿನ ಟಯರು ಬಂತು. ಎಂಜಿನ್ನಿನ ಅಡಿಗೆ ಕಬ್ಬಿಣದ ತಗಡು ಬಂತು. ಕಲ್ಲಿಗೆ ಬಡಿಯುತ್ತಿದ್ದ ಫುಟ್‌ಬೋರ್ಡ್ ಬಿಚ್ಚಿಸಿದರು, ಮುಂದೆ ಹಗ್ಗ ಕಟ್ಟಲು ಕೊಕ್ಕೆ ಹಾಕಿಸಿದರು, ಹಳ್ಳ ತುಂಬಿದರೂ ಎಂಜಿನ್ನಿಗೆ ನೀರು ಹೋಗದಂತೆ ಗಾಳಿಯ ಪೈಪನ್ನು ಮೇಲಕ್ಕೆ ಏರಿಸಿದರು. ಅತಿಯಾದದ್ದು ಏನನ್ನೂ ಮಾಡಿಸಲಿಲ್ಲ. ಒಳ್ಳೆಯ ಗಾಡಿಯ ಮರ್ಯಾದೆ ಕಳೆಯಬಾರದು ಎನ್ನುವರು. ಆ ಆಷಾಢದಲ್ಲಿ ಬೇರೆಯವರ ಜೀಪುಗಳು ಹೂತು ನಿಂತ ಏರಿನಲ್ಲಿ ನಮ್ಮದು ಸದ್ದಿಲ್ಲದೆ ಹತ್ತಿತು. ಇವರ ಮುಖ ನೋಡಬೇಕಿತ್ತು.

ಆದರೆ ಒಳಗೆ ಮಾತ್ರ ಏನನ್ನೂ ಮುಟ್ಟಲಿಲ್ಲ. ತೋಟದಿಂದ ಬಂದರೆ ಇವರು ಗಮ್‌ಬೂಟನ್ನು ಅಂಗಳದಲ್ಲಿ ಬಿಡುವರು. ಕಾಲು ತೊಳೆಯುವರು. ಜಿಗಣೆಯ ಜಾತಿಯ ಇಂಬಳ ಹತ್ತಿದೆಯೇ ಎಂದು ಬೆರಳು ಸಂದಿಯನ್ನೆಲ್ಲ ನೋಡಿಕೊಳ್ಳುವರು. ಕಚ್ಚಿದ ಇಂಬಳದ ರಕ್ತ ಆ ಸೀಟಿಗೆ ತಾಗಿದರೆ ಹೋಗುವುದುಂಟೇ? ಆಮೇಲೆ ಬರಿಗಾಲಲ್ಲಿ ಹತ್ತಿ, ಒಳಗಿಟ್ಟ ಬೇರೆ ಚಪ್ಪಲಿ ಹಾಕಿಕೊಳ್ಳುವರು. ಬೇರೆಯವರಿಗೆ ಹೀಗೆ ಮಾಡಿ ಎಂದು ಒಂದು ದಿನವೂ ಹೇಳಿದವರಲ್ಲ. ಹೇಳುವ ಅಗತ್ಯ ಇರಲಿಲ್ಲ, ಎಲ್ಲರೂ ನೋಡುತ್ತಿದ್ದರು.

ಒಮ್ಮೆ ಕಳಸದ ಸಂತೆಯಿಂದ ಬರುವಾಗ ದಾರಿಯಲ್ಲಿ ಕಾಫಿ ಕೊಯ್ಯುವವರ ಆ ಮುಂದಾಳು ಸಿಕ್ಕಿದಳು. ಹತ್ತು ಎಂದು ಬಾಗಿಲು ತೆಗೆದೆ. ಫುಟ್‌ಬೋರ್ಡ್ ಇಲ್ಲದ ಆ ಎತ್ತರಕ್ಕೆ ಕಷ್ಟಪಟ್ಟು ಹತ್ತಿ, ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು, ಬೆನ್ನು ತಾಗದ ಹಾಗೆ ಸೀಟಿನ ತುದಿಯಲ್ಲಿ ಕೂತಳು. "ಅಮ್ಮ, ಇದು ಗಾಡಿಯಾ, ದೇವರ ಕೋಣೆಯಾ?" ಎಂದಳು. ನಾವು ಮೂವರೂ ನಕ್ಕೆವು. ಅದು ಅವಳು ಆ ಗಾಡಿಯಲ್ಲಿ ಕೂತ ಒಂದೇ ಸಲ.

ಅಂಗಳಕ್ಕೆ ಬಂದು ಗಾಡಿ ಕೇಳುವವರು ಕಡಿಮೆಯಾದದ್ದು ನಮಗೆ ಕೂಡಲೇ ತಿಳಿಯಲಿಲ್ಲ. "ಈಗ ಎಲ್ಲರ ಹತ್ರ ಫೋನ್ ಉಂಟಲ್ಲ, ಕಳಸದಿಂದ ಬಾಡಿಗೆ ಜೀಪು ಕರೀತಾರೆ" ಎಂದರು ಇವರು. ನಾನೂ ಹೌದೆಂದುಕೊಂಡೆ.

ಮರುವರ್ಷದ ಮಳೆಗಾಲದ ಒಂದು ಮಧ್ಯಾಹ್ನ. ನಾವು ಊಟ ಮಾಡಿ ಎದ್ದು ಜಗುಲಿಯಲ್ಲಿ ಕೂತಿದ್ದೆವು. ಗಾಡಿ ಶೆಡ್ಡಿನಲ್ಲಿತ್ತು. ಅದೇ ಹೊತ್ತಿಗೆ ನಮ್ಮ ಕಾಫಿ ಕಣದ ಹಿಂದಿನ ಕಾಲುದಾರಿಯಲ್ಲಿ ನಾಲ್ಕು ಜನ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಬಿದಿರು ಕಟ್ಟಿ, ಡಾಂಬರು ರಸ್ತೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಬೆಳಗಿನಿಂದ ಅವಳಿಗೆ ರಕ್ತ ಹೋಗುತ್ತಿತ್ತಂತೆ. ರಸ್ತೆಯ ಬದಿಯಲ್ಲಿ ಬಾಡಿಗೆ ಜೀಪಿಗೆ ಕಾದರಂತೆ. ಜೀಪು ಬಂದು, ಕೊಟ್ಟಿಗೆಹಾರ ದಾಟಿ ಮೂಡಿಗೆರೆ ಆಸ್ಪತ್ರೆಗೆ ಮುಟ್ಟುವಾಗ ಅವಳಲ್ಲಿ ಜೀವ ಉಳಿದಿರಲಿಲ್ಲ. ನಮಗೆ ತಿಳಿದದ್ದು ಸಂಜೆ, ರೈಟರು ಬಂದು ಹೇಳಿದಾಗ.

ಮಣ್ಣಾದ ಮೇಲೆ ಇವರು ಅವರ ಮನೆಯ ಮುಂದೆ ಕೂತು ಅವಳ ಗಂಡನನ್ನು ಕೇಳಿದರು. "ಯಾಕೆ ಮಾರಾಯ ಕರೀಲಿಲ್ಲ? ನಾನು ಮನೇಲೇ ಇದ್ನಲ್ಲ."

ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ದೂರೂ ಇರಲಿಲ್ಲ. "ರಕ್ತ ಹೋಗ್ತಿತ್ತಲ್ಲ ಅಯ್ಯ. ಸೀಟು ಬೆಳ್ಳಗಿತ್ತು. ಅವಳೇ ಬ್ಯಾಡ ಅಂದ್ಲು" ಎಂದ.

ಇವರು ಎದ್ದು ಮನೆಗೆ ಬಂದರು. ಮರುದಿನ ಶೆಡ್ಡಿನಲ್ಲಿ ಗಾಡಿಯ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಕಾರ್ಪೆಟ್ಟನ್ನು ಕತ್ತಿಯಲ್ಲಿ ಕೊಯ್ದು ಕಿತ್ತರು. ನಾನು ತಡೆಯಲಿಲ್ಲ, ಒಂದು ತುದಿ ಹಿಡಿದು ಎಳೆದೆ. ತೊಗಲಿನ ಮೇಲೆ ಕಂದು ರೆಕ್ಸಿನ್ ಹೊಲಿಸಿದರು. ನೆಲಕ್ಕೆ ರಬ್ಬರ್ ಹಾಸು. ಬಿಚ್ಚಿಸಿದ್ದ ಫುಟ್‌ಬೋರ್ಡಿನ ಜಾಗಕ್ಕೆ ಕಲ್ಲಿಗೆ ತಾಗದಷ್ಟು ಎತ್ತರದಲ್ಲಿ ಒಂದು ಕಬ್ಬಿಣದ ಮೆಟ್ಟಿಲು. ಗ್ಯಾರೇಜಿನವನು "ಅಷ್ಟು ಚಂದದ ಗಾಡಿ ಹಾಳು ಮಾಡ್ತಿದ್ದೀರಲ್ಲ ಸಾರ್" ಎಂದನಂತೆ.

ಅಷ್ಟು ಮಾಡಿದರೂ ಯಾರೂ ಬರಲಿಲ್ಲ. ಕರೆದು ಹತ್ತಿಸಿದರೆ ಚಪ್ಪಲಿ ಮಡಿಲಿಗೇ ಹೋಗುತ್ತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಇವರು ರಾತ್ರಿ ಸರಿಯಾಗಿ ಉಣ್ಣುವುದನ್ನು ಬಿಟ್ಟರು. ನನಗೆ ಮರುಕವೂ ಆಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಏಕೆಂದರೆ ಇಷ್ಟೆಲ್ಲ ಕಿತ್ತು ಹಾಕಿದ ಮನುಷ್ಯ ಈಗಲೂ, ರೂಢಿಯಿಂದ, ಗಮ್‌ಬೂಟನ್ನು ಅಂಗಳದಲ್ಲೇ ಬಿಟ್ಟು ಬರಿಗಾಲಲ್ಲಿ ಗಾಡಿ ಹತ್ತುತ್ತಿದ್ದರು.

ಒಂದು ಬೆಳಿಗ್ಗೆ ಕೆಲಸದವರೆಲ್ಲ ಹಾಜರಿ ಕೊಡಲು ಅಂಗಳದಲ್ಲಿ ನಿಂತಿದ್ದಾಗ ನಾನು ಏಲಕ್ಕಿ ಮಡಿಯಿಂದ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದೆ. ಇವರು ಬೂಟು ಬಿಚ್ಚಲು ಬಗ್ಗಿದ್ದರು. ನಾನು ನೆಟ್ಟಗೆ ಹೋಗಿ, ಬೂಟುಗಾಲಲ್ಲೇ ಮೆಟ್ಟಿಲು ತುಳಿದು, ಮುಂದಿನ ಸೀಟಿನಲ್ಲಿ ಬೆನ್ನು ಒರಗಿಸಿ ಕೂತೆ. "ಬೂಟು ಇರ್ಲಿ, ಹತ್ತಿ. ನೀವು ಚಪ್ಪಲಿ ಬಿಡ್ತಾ ಇದ್ರೆ ಅವ್ರು ಹ್ಯಾಗೆ ಮೆಟ್ಟಿಕೊಂಡು ಹತ್ತೋದು?" ಎಂದೆ. ಅಷ್ಟು ಜನರೆದುರು ಗಂಡನಿಗೆ ಹಾಗೆ ಹೇಳಿದ್ದು ಅದೇ ಮೊದಲು. ಇವರು ಬಗ್ಗಿದಲ್ಲೇ ಸ್ವಲ್ಪ ಹೊತ್ತು ನಿಂತರು. ಆಮೇಲೆ ಬೂಟನ್ನು ಮತ್ತೆ ಮೇಲಕ್ಕೆಳೆದುಕೊಂಡು ಹತ್ತಿದರು. ರಬ್ಬರಿನ ಮೇಲೆ ಕೆಂಪು ಕೆಸರು ಉಳಿಯಿತು. ಅದನ್ನು ಅವರು ತೊಳೆಯಲಿಲ್ಲ. ಆಮೇಲೆ ದಿನವೂ ಹಾಗೇ ಹತ್ತಿದರು.

ಜನ ಕೂಡಲೇ ಬಂದರು ಎಂದೇನೂ ಅಲ್ಲ. ಮೊದಲು ಮೇಸ್ತ್ರಿ ಗೊಬ್ಬರದ ಚೀಲ ಹಾಕಿದ. ಆಮೇಲೆ ಯಾರೋ ಹಲ್ಲುನೋವೆಂದು ಬಂದರು. ಅವಳ ಗಂಡ ಮಾತ್ರ ಬರಲಿಲ್ಲ. ನಮ್ಮ ತೋಟದಲ್ಲೇ ಕೆಲಸ ಮಾಡುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಆದರೆ ಗಾಡಿ ಹೋಗುವಾಗ ದಾರಿ ಬಿಟ್ಟು ಗಿಡದ ಕಡೆ ತಿರುಗಿ ನಿಲ್ಲುತ್ತಿದ್ದ. ಇವರು ಅದನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋಗುವರು. ಆ ಒಬ್ಬನು ಬಂದು ಕೇಳಲಿ ಎಂದು ಇವರು ಕಾಯುತ್ತಿದ್ದರೆಂದು ನನಗೆ ಗೊತ್ತಿತ್ತು.

ಅವಳ ಸೊಂಟದ ಮೇಲಿದ್ದ ಕೂಸು ಬೆಳೆದು, ಮದುವೆಯಾಗಿ, ಚೊಚ್ಚಲ ಬಾಣಂತನಕ್ಕೆ ತಾಯಿಯಿಲ್ಲದ ತವರಿಗೆ ಬಂದಳು. ಮಳೆ ಬಿಟ್ಟು ಬಿಸಿಲು ಬಂದ ಒಂದು ಬೆಳಿಗ್ಗೆ ಅವನು ಅಂಗಳದಲ್ಲಿ ನಿಂತಿದ್ದ. ಕಾಲಲ್ಲಿ ಚಪ್ಪಲಿ ಇತ್ತು.

"ಅಯ್ಯ, ಗಾಡಿ ತೆಗೀರಿ."

ಇವರು ದೋಸೆ ತಿನ್ನುತ್ತಿದ್ದರು. ತಟ್ಟೆಯಲ್ಲೇ ಕೈ ತೊಳೆದರು.

ಹುಡುಗಿಯ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಅವನು ಮುಂದೆ, ಹಳೆಯ ಜೀಪಿನಲ್ಲಿ ಹೆಂಡತಿ ಕೂರುತ್ತಿದ್ದ ಬದಿಯಲ್ಲಿ ಕೂತ. ಹಳ್ಳ ತುಂಬಿಯೇ ಇತ್ತು. ಗಾಡಿ ತಡೆಯದೆ ದಾಟಿತು. ಆಸ್ಪತ್ರೆಯಲ್ಲಿಯೇ ಹೆರಿಗೆ ಆಯಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ.

ಸುದ್ದಿ ಹೇಳಲು ನಾನು ಹೊರಗೆ ಬಂದಾಗ ಅವನು ಗಾಡಿಯ ಹಿಂದಿನ ಬಾಗಿಲು ತೆಗೆದು ನಿಂತಿದ್ದ. ಸೀಟಿನ ಮೇಲೆ ನೀರು, ರಕ್ತ. ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡಿದ್ದ, ಒರೆಸಿರಲಿಲ್ಲ. ಇವರು ಪಕ್ಕದಲ್ಲಿ ನಿಂತಿದ್ದರು. ಮೊಮ್ಮಗಳು ಹುಟ್ಟಿದಳೆಂದು ಹೇಳಿದೆ. ಅವನು ತಲೆಯಾಡಿಸಿ ಮತ್ತೆ ಆ ಸೀಟನ್ನೇ ನೋಡಿದ.

"ಅವಳೂ ಇದ್ರಲ್ಲೇ ಹೋಗ್ಬಹುದಿತ್ತಲ್ಲ ಅಯ್ಯ" ಎಂದ.

ಇವರು ಅವನ ಕೈಯಿಂದ ಟವೆಲು ತೆಗೆದುಕೊಂಡು, ಬಾಗಿ, ತಾವೇ ಒರೆಸತೊಡಗಿದರು.